ದನದ ಮದ್ದು, ಬೆಕ್ಕಿನ ಕಿವಿ

ತೀರ್ಥಹಳ್ಳಿ ಕಡೆಯ ಆ ಮನೆಯ ಬೆಕ್ಕು ವಾರದಿಂದ ತಲೆ ಒದರುತ್ತಿತ್ತು. ಹಿಂಗಾಲಿನಿಂದ ಕೆರೆದು ಕೆರೆದು ಕಿವಿಯಲ್ಲಿ ರಕ್ತ ಬಂದಿತ್ತು. ಅಮ್ಮ ಕಿವಿ ಮಡಚಿ ನೋಡಿದರೆ ಒಳಗೆ ಕಾಫಿ ಚರಟದಂಥ ಕಪ್ಪು ಪುಡಿ.

‘ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಹಚ್ಚಿ’ ಎಂದರು ಅಜ್ಜಿ. ಎರಡನೇ ಪಿಯುಸಿಯಲ್ಲಿ ವಿಜ್ಞಾನ ಓದುವ ಮೊಮ್ಮಗನಿಗೆ ಅದು ಒಪ್ಪಿಗೆಯಾಗಲಿಲ್ಲ. ಕೊಟ್ಟಿಗೆಯ ಗೂಡಿನಲ್ಲಿ ಹಸುವಿಗೆ ತಂದು ಉಳಿದಿದ್ದ ಐವರ್‌ಮೆಕ್ಟಿನ್ ಸೀಸೆ ಇತ್ತು. ದನದ ಕಜ್ಜಿಗೆ ಆಗುವುದು ಬೆಕ್ಕಿನ ಕಿವಿನುಸಿಗೂ ಆದೀತು ಎಂಬುದು ಅವನ ತರ್ಕ. ತರ್ಕವೇನೋ ತಪ್ಪಲ್ಲ, ಪಶುವೈದ್ಯರು ಬೆಕ್ಕಿಗೂ ಇದನ್ನು ಕೊಡುವುದುಂಟು. ಜಪಾನಿನ ಮಣ್ಣಿನ ಸೂಕ್ಷ್ಮಜೀವಿಯಿಂದ ಬಂದ ಮದ್ದಿದು, ಸತೋಶಿ ಒಮುರಾ ಮತ್ತು ವಿಲಿಯಂ ಕ್ಯಾಂಬೆಲ್ ಅವರಿಗೆ 2015ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ತಂದುಕೊಟ್ಟಿತು ಎಂದು ಅಜ್ಜಿಗೆ ಪಾಠವನ್ನೂ ಹೇಳಿದ. ‘ಅವರ ಮನೇಲಿ ಬೆಕ್ಕು ಇತ್ತಾ?’ ಎಂದು ಕೇಳಿದರು ಅಜ್ಜಿ.

ಎಡವಿದ್ದು ಲೆಕ್ಕದಲ್ಲಿ. ದನಕ್ಕೆ 50 ಕಿಲೋ ತೂಕಕ್ಕೆ ಒಂದು ಮಿ.ಲೀ. ಬೆಕ್ಕು ಮೂರು ಕಿಲೋ. ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಭಾಗಿಸಿ 0.6 ಎಂದು ಬರೆದ. ಸಿರಿಂಜಿಗೆ ಮದ್ದು ಎಳೆದೂ ಆಯಿತು. ಬೆಕ್ಕನ್ನು ಹಳೆಯ ಟವೆಲಿನಲ್ಲಿ ಸುತ್ತಿ ಹಿಡಿದಿದ್ದ ಅಮ್ಮ ಆಗ ಕೇಳಿದರು: ‘ಹಸುವಿಗೆ ಡಾಕ್ಟರು ಆರು ಮಿ.ಲೀ. ಕೊಟ್ಟಿದ್ರು. ನಮ್ಮ ಬೆಕ್ಕು ಹಸುವಿನ ಹತ್ತರಲ್ಲೊಂದು ಪಾಲು ಉಂಟೇನೋ?’

ಹುಡುಗ ಮತ್ತೆ ಭಾಗಿಸಿದ. 0.06 ಬಂತು. ಸುಮಾರು ಒಂದು ಹನಿ! ಕೈಯಲ್ಲಿದ್ದ ಐದು ಮಿ.ಲೀ. ಸಿರಿಂಜಿನ ಅತಿ ಸಣ್ಣ ಗೆರೆಯೇ 0.2. ಸರಿಯಾದ ಲೆಕ್ಕ ಬಂದಿದ್ದರೂ ಅದರಲ್ಲಿ ಅಳೆಯಲು ಸಾಧ್ಯವಿರಲಿಲ್ಲ.

ಮಾರನೆಯ ದಿನ ಬೆಕ್ಕು ಬುಟ್ಟಿಯಲ್ಲಿ ಕೂತು ಪೇಟೆಗೆ ಹೋಯಿತು. ವೈದ್ಯರು ಮೊದಲು ಕಿವಿಯ ಕೊಳೆ ತೆಗೆದು ಸೂಕ್ಷ್ಮದರ್ಶಕದಲ್ಲಿ ಹುಡುಗನಿಗೂ ತೋರಿಸಿದರು. ಎಂಟು ಕಾಲಿನ ನುಸಿ ಹರಿದಾಡುತ್ತಿತ್ತು. ಕಪ್ಪು ಕೊಳೆಯೆಲ್ಲ ನುಸಿಯೇ ಅಲ್ಲ, ಬೂಷ್ಟಿನಿಂದಲೂ ಹಾಗಾಗುತ್ತದೆ, ಅದಕ್ಕೆ ಮದ್ದೇ ಬೇರೆ ಎಂದರು. ಐವರ್‌ಮೆಕ್ಟಿನ್ ನುಸಿಯ ನರಗಳನ್ನು ನಿಷ್ಕ್ರಿಯಗೊಳಿಸುತ್ತದೆ. ಬೆಕ್ಕಿನ ಮಿದುಳಿಗೆ ಅದು ನುಗ್ಗದಂತೆ ದೇಹದಲ್ಲೇ ತಡೆಯೊಂದಿದೆ. ಪ್ರಮಾಣ ಮೀರಿದರೆ ಆ ತಡೆ ಸಾಲದು. ಕಣ್ಣಿನ ಪಾಪೆ ಹಿಗ್ಗುತ್ತದೆ, ದೃಷ್ಟಿ ಹೋಗುತ್ತದೆ, ಬೆಕ್ಕು ತೂರಾಡಿ, ನಡುಗಿ, ಪ್ರಜ್ಞೆ ತಪ್ಪುತ್ತದೆ. ಇದಕ್ಕೆಂದೇ ಪ್ರತಿವಿಷವಿಲ್ಲ. ಎಳೆಯ ಮರಿಗಳಲ್ಲಂತೂ ಆ ತಡೆಯೇ ಬಲಿತಿರುವುದಿಲ್ಲ.

ಅಜ್ಜಿಯ ಕರ್ಪೂರದ ಮಾತೂ ಬಂತು. ಬೆಕ್ಕು ಮೈ ನೆಕ್ಕುವ ಪ್ರಾಣಿ, ಕರ್ಪೂರ ಅದಕ್ಕೆ ವಿಷ. ನಾಯಿಯ ಉಣ್ಣೆಗೆ ಹಾಕುವ ಪರ್‌ಮೆಥ್ರಿನ್ ಕೂಡ ಬೆಕ್ಕಿನ ಪ್ರಾಣ ತೆಗೆಯಬಲ್ಲದು. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ತೀರಾ ಕಡಿಮೆ.

ವೈದ್ಯರು ತಕ್ಕಡಿಯಲ್ಲಿ ತೂಕ ನೋಡಿ, ಬೆಕ್ಕಿಗೆಂದೇ ಇರುವ ಸೆಲಮೆಕ್ಟಿನ್ ಹನಿಯನ್ನು ನಾಲಗೆಗೆ ಎಟುಕದ ಹಾಗೆ ಹೆಡತಲೆಯ ಬುಡಕ್ಕೆ ಬಿಟ್ಟರು. ನುಸಿಯ ಮೊಟ್ಟೆ ಬಲಿತು ಮತ್ತೆ ಮೊಟ್ಟೆಯಿಡಲು ಸುಮಾರು ಮೂರು ವಾರ ಬೇಕು, ತಿಂಗಳ ನಂತರ ಇನ್ನೊಮ್ಮೆ ತೋರಿಸಿ ಎಂದರು. ಹೊರಡುವಾಗ, ‘ಮನೇಲಿ ನಾಯಿ ಇದೆಯೇ?’ ಎಂದು ಕೇಳಿದರು. ಇತ್ತು, ಬೆಕ್ಕಿನ ಜೊತೆ ಒಂದೇ ಗೋಣಿಯ ಮೇಲೆ ಮಲಗುತ್ತಿತ್ತು. ಈ ನುಸಿ ಅದರ ಕಿವಿಗೂ ಹತ್ತುತ್ತದಂತೆ. ಬುಟ್ಟಿಯಲ್ಲಿ ಹಿಡಿಸದ ಆ ನಾಯಿಯನ್ನು ಪೇಟೆಗೆ ತರುವ ಕೆಲಸ ಹುಡುಗನ ಪಾಲಿಗೆ ಬಂತು.