ನೀರಿನ ವಾಸನೆ

ನಮ್ಮ ತಾತ ಗುಂಡ್ಲುಪೇಟೆಯ ಕಡೆಯಿಂದ ಘಟ್ಟ ಹತ್ತಿ ನೀಲಗಿರಿಗೆ ಬಂದವರು. ಅವಲಾಂಚಿಯ ಟ್ರೌಟ್ ಮೀನುಮರಿ ಕೇಂದ್ರದಲ್ಲಿ ಕೆಲಕಾಲ ದಿನಗೂಲಿಯಾಗಿದ್ದರು. ಆ ಮೀನಿಗೆ ಕನ್ನಡದ ಹೆಸರೊಂದನ್ನು ನಾನು ನಿಘಂಟಿನಲ್ಲಿ ಹುಡುಕಿದ್ದುಂಟು. ಸಿಗಲಿಲ್ಲ, ಅದು ನಮ್ಮ ಹೊಳೆಗಳಲ್ಲಿ ಹುಟ್ಟಿದ ಮೀನಲ್ಲ. ರೇನ್‌ಬೋ ಟ್ರೌಟ್‌ನ ತವರು ಪೆಸಿಫಿಕ್ ಸಾಗರದ ಉತ್ತರದ ಕರಾವಳಿಗಳು. 1860ರ ದಶಕದಲ್ಲಿ ಫ್ರಾನ್ಸಿಸ್ ಡೇ ಟ್ರೌಟನ್ನು ಇಲ್ಲಿಗೆ ತರಲು ಯತ್ನಿಸಿ ವಿಫಲನಾದನು. 1907ರಲ್ಲಿ ಎಚ್. ಸಿ. ವಿಲ್ಸನ್ ಅವಲಾಂಚಿಯಲ್ಲಿ ಕೇಂದ್ರವನ್ನು ತೆರೆದ ಮೇಲಷ್ಟೇ ಈ ಕುಲದ ಮೀನು ಇಲ್ಲಿ ನೆಲೆನಿಂತಿತು.

ಚಳಿಗಾಲದ ಮುಂಜಾವಿನಲ್ಲಿ ಹೆಣ್ಣುಮೀನನ್ನು ಒದ್ದೆಬಟ್ಟೆಯಲ್ಲಿ ಹಿಡಿದು, ಹೊಟ್ಟೆಯನ್ನು ಬಾಲದತ್ತ ಮೆಲ್ಲನೆ ನೇವರಿಸಬೇಕು. ಒಣಗಿದ ಬೋಗುಣಿಗೆ ಕಿತ್ತಳೆಬಣ್ಣದ ಮೊಟ್ಟೆಗಳು ಉದುರುತ್ತವೆ. ಅವುಗಳ ಮೇಲೆ ಗಂಡುಮೀನಿನ ಬೀಜರಸವನ್ನು ಹಿಂಡಿ, ಹಕ್ಕಿಯ ಗರಿಯಿಂದ ಕದಡಿ, ಆಮೇಲೆ ನೀರು ಹಾಕಬೇಕು. ತೊರೆಯಲ್ಲಾದರೆ ತಾಯಿಯೇ ಬಾಲದಿಂದ ಹರಳುಕಲ್ಲುಗಳನ್ನು ತೋಡಿ ಗೂಡುಮಾಡಿ ಮೊಟ್ಟೆಗಳನ್ನು ಮುಚ್ಚುತ್ತಾಳೆ. “ಕೆಳಕ್ಕೆ ಒಯ್ದ್ರೆ ಸತ್ತೋಗ್ತದೆ ಕೂಸೆ” ಎನ್ನುತ್ತಿದ್ದರು ತಾತ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ, ಮೀನಿಗೆ ಬೇಕಾದದ್ದು ಮಾತ್ರ ಹೆಚ್ಚುತ್ತದೆ ಎಂಬುದನ್ನು ನಾನು ಓದಿದ್ದು ಬಹಳ ತಡವಾಗಿ.

ಕೊನೆಗಾಲದಲ್ಲಿ ತಾತ ತಮ್ಮ ಊರಿನ ಬಾವಿಯನ್ನೇ ಜಪಿಸುತ್ತಿದ್ದರು. ಆ ನೀರಿನ ವಾಸನೆಯೇ ಬೇರೆ, ಒಮ್ಮೆ ಕರೆದುಕೊಂಡು ಹೋಗು ಎಂದರು. ನೀರಿಗೆಲ್ಲಿಯ ವಾಸನೆ ತಾತ ಎಂದು ನಕ್ಕೆ. ಪರೀಕ್ಷೆ ಮುಗಿಯಲಿ ಎಂದೆ. ಪರೀಕ್ಷೆ ಮುಗಿಯಿತು, ಅದಕ್ಕೆ ಮೊದಲೇ ಅವರೂ ಮುಗಿದಿದ್ದರು.

ಟ್ರೌಟ್‌ನ ಕುಟುಂಬಕ್ಕೇ ಸೇರಿದ ಸಾಲ್ಮನ್ ಹೊಳೆಯಲ್ಲಿ ಹುಟ್ಟಿ, ಕಡಲಿನಲ್ಲಿ ಬೆಳೆದು, ಮೊಟ್ಟೆಯಿಡಲು ಹುಟ್ಟಿದ ಹೊಳೆಗೇ ಮರಳುತ್ತದೆ. 1950ರ ದಶಕದಲ್ಲಿ ಅಮೆರಿಕದ ಆರ್ಥರ್ ಹ್ಯಾಸ್ಲರ್ ಮತ್ತು ಸಂಗಡಿಗರು, ಹೊಳೆಯ ಎರಡು ಕವಲುಗಳಿಗೆ ಮರಳಿದ್ದ ಸಾಲ್ಮನ್‌ಗಳನ್ನು ಹಿಡಿದು, ಕೆಲವುಗಳ ಮೂಗಿನ ಹೊಳ್ಳೆಗಳಿಗೆ ಹತ್ತಿ ತುರುಕಿ, ಎಲ್ಲವನ್ನೂ ಕವಲಿನ ಕೆಳಗೆ ಬಿಟ್ಟರು. ಹತ್ತಿಯಿಲ್ಲದವು ಹೆಚ್ಚಿನಂಶ ತಮ್ಮ ಕವಲಿಗೇ ಹೋದವು. ಹತ್ತಿಯಿದ್ದವು ಹಲವು ದಾರಿ ತಪ್ಪಿದವು. ಎಳೆತನದಲ್ಲಿ ಗುರುತಿಟ್ಟುಕೊಂಡ ನೀರಿನ ವಾಸನೆಯೇ ಅವುಗಳಿಗೆ ದಾರಿ. ಪೆಸಿಫಿಕ್‌ನ ಸಾಲ್ಮನ್‌ಗಳು ಬಹುಪಾಲು ಮೊಟ್ಟೆಯಿಟ್ಟ ಬಳಿಕ ಅಲ್ಲಿಯೇ ಸಾಯುತ್ತವೆ. ಅವುಗಳ ಮೈಯಲ್ಲಿ ಬಂದ ಕಡಲಿನ ಸಾರ ದಡದ ಮರಗಳಿಗೂ ಗೊಬ್ಬರವಾಗುತ್ತದೆ.

ಗ್ರಂಥಾಲಯದಲ್ಲಿ ಇದನ್ನು ಓದಿದ ದಿನ ಪುಸ್ತಕವನ್ನು ಮುಚ್ಚಿಟ್ಟು ಹೊರಗೆ ಬಂದೆ.

ಹೋದ ಬೇಸಿಗೆಯಲ್ಲಿ ತಾತನ ಊರಿಗೆ ಹೋಗಿದ್ದೆ. ಬಾವಿಯ ಬಾಯಿಗೆ ಕಬ್ಬಿಣದ ಜಾಲರಿ ಹಾಕಿದ್ದರು. ಬಗ್ಗಿದೆ. ಹಳೆಯ ಎಲೆಗಳ, ಒದ್ದೆಮಣ್ಣಿನ ವಾಸನೆ ಬಂದಿತು. ತಾತ ಹೇಳಿದ್ದು ಅದೇ ಹೌದೋ ಅಲ್ಲವೋ, ಕೇಳಲು ಯಾರೂ ಇರಲಿಲ್ಲ.