ನಮ್ಮ ಮನೆಯ ಕಲೆ

ನಮ್ಮ ಮನೆಯಲ್ಲಿ ಕಲೆ ಇದೆಯೆಂದರೆ ಸಂಗೀತ, ನೃತ್ಯದ ಮಾತೆಂದು ವಾಚಕರು ತಿಳಿಯಬಾರದು. ಇದು ಕೋಣೆಯ ಮೂಲೆಯಲ್ಲಿ, ಬಚ್ಚಲ ಗೋಡೆಗೆ ಹತ್ತಿಕೊಂಡು, ತಾರಸಿಯ ಒಳಮೈಯಲ್ಲಿ ಮೂಡಿದ ಕಂದು ಕಲೆ. 2020ರ ಮಳೆಗಾಲದಲ್ಲಿ, ಕಾಚಿಗುಡದ ನಮ್ಮ ಮನೆಯಲ್ಲಿ ಮೊದಲು ಕಾಣಿಸಿಕೊಂಡಾಗ ತಟ್ಟೆಯಷ್ಟಿತ್ತು. ಬಣ್ಣ ಬಳಿಸಿದೆವು, ಎರಡೇ ವಾರದಲ್ಲಿ ಮತ್ತೆ ಇಣುಕಿತು.

ಮೇಲಂತಸ್ತಿನಲ್ಲಿ ಅದೇ ಜಾಗಕ್ಕೆ ಟೀಚರಮ್ಮನವರ ಬಚ್ಚಲು. ಇನ್ನು ವಿಚಾರಣೆ ಏಕೆ? ತೀರ್ಪು ಕೊಟ್ಟೇಬಿಟ್ಟೆವು. “ನಮ್ಮ ಬಚ್ಚಲಾ ಸೋರೂದಿಲ್ರೀ” ಎಂದದ್ದು ನಮ್ಮ ಕಿವಿಗೆ ಬೀಳಲಿಲ್ಲ. ಪಾಪ, ಪಿಂಚಣಿಯ ಹಣದಲ್ಲಿ ನೆಲ ಅಗೆಸಿ ಹೊಸ ಕಲ್ಲು ಹಾಕಿಸಿದರು.

ಅಕ್ಟೋಬರ್ 13ರ ರಾತ್ರಿ ಹೈದರಾಬಾದಿಗೆ ಮಹಾಮಳೆ ಸುರಿಯಿತು. ಬೆಳಗಾಗುವಷ್ಟರಲ್ಲಿ ಕಲೆ ಮೊರದಷ್ಟಾಗಿತ್ತು!

ಮುದುಕ ಮೇಸ್ತ್ರಿಯೊಬ್ಬ ಬಂದು ಕಲೆಯ ಅಂಚಿಗೆ ಪೆನ್ಸಿಲಿನಿಂದ ಗೆರೆ ಎಳೆದು, ತಾರೀಖು ಬರೆಸಿದ. “ಮಳೆಯಿಲ್ಲದ ದಿನವೂ ಗೆರೆ ದಾಟಿದರೆ ಮನೆಯೊಳಗಿನ ನೀರು, ಮಳೆಗೆ ಮಾತ್ರ ದಾಟಿದರೆ ಹೊರಗಿನದು” ಎಂದ. ಮೂರು ದಿನ ಮೇಲೆ ಸ್ನಾನ ನಡೆಯಿತು, ಕಲೆ ಅಲುಗಲಿಲ್ಲ. 17ರ ಸಂಜೆ ಮತ್ತೆ ಮಳೆ ಜಡಿಯಿತು. ಕಲೆ ಗೆರೆ ದಾಟಿತು. ಹುಡುಕಿದರೆ, ಆರು ಅಡಿ ದೂರದಲ್ಲಿ, ಹೊರಗೋಡೆಯ ಮಳೆನೀರಿನ ಕೊಳವೆ ಒಡೆದಿತ್ತು.

ನೀರು ಒಳಹೊಕ್ಕಲ್ಲೇ ಇಳಿಯಬೇಕೆಂದಿಲ್ಲ. ಬಿರುಕು ಹಿಡಿದು, ಕಾಂಕ್ರೀಟಿನ ಸರಳಿನ ಗುಂಟ ನಡೆದು, ದಾರಿ ಸಿಕ್ಕಲ್ಲಿ ಜಿನುಗುತ್ತದೆ. ದಾರಿಯ ಕೊಳೆಯನ್ನೂ ಉಪ್ಪನ್ನೂ ಕರಗಿಸಿ ತಂದು, ಆರುವಾಗ ಅಂಚಿನಲ್ಲಿ ಬಿಟ್ಟುಹೋಗುತ್ತದೆ. ಕಲೆಯ ಕಂದು ಬಳೆ ಅದೇ. ಮೇಲೆ ಬಣ್ಣ ಬಳಿದು ಸುಮ್ಮನಾದರೆ ಒಳಗಿನ ತೇವಕ್ಕೆ ಸರಳು ತುಕ್ಕು ಹಿಡಿದು ಉಬ್ಬಿ, ಗಾರೆ ತಲೆಯ ಮೇಲೆ ಉದುರೀತು.

1908ರಲ್ಲಿ ಮೂಸಿ ನದಿ ಈ ಊರನ್ನು ಕೊಚ್ಚಿದ ಮೇಲೆ ಬಂದ ವಿಶ್ವೇಶ್ವರಯ್ಯನವರು, ನೆರೆ ನುಗ್ಗಿದ ಬೀದಿಗಳನ್ನಷ್ಟೇ ನೋಡಿ ಸುಮ್ಮನಾಗಲಿಲ್ಲ. ನೀರು ಬರುವ ದಾರಿಯನ್ನು ವಿಚಾರಿಸಿ, ನದಿಯ ಮೇಲ್ಭಾಗದಲ್ಲಿ ಜಲಾಶಯಗಳನ್ನು ಕಟ್ಟಲು ಸೂಚಿಸಿದರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಹಾಗೆ ಬಂದವು. ಅವರ ನಾಡಿನವರೆಂದು ಬೀಗುವ ನಾವು ಮಾತ್ರ ಕಲೆ ಕಂಡೊಡನೆ ಮೇಲಿನ ಮನೆಯ ಬಾಗಿಲು ತಟ್ಟಿದ್ದೆವು.

ಕೊಳವೆ ಸರಿಮಾಡಿಸಿ, ಗೋಡೆ ಪೂರಾ ಆರುವವರೆಗೆ ಕಾದು ಬಣ್ಣ ಬಳಿಸಿದೆವು. ಅದಕ್ಕೂ ಮೊದಲು ಟೀಚರಮ್ಮನವರಲ್ಲಿಗೆ ಹೋಗಿ ತಪ್ಪೊಪ್ಪಿಕೊಂಡು, ನೆಲದ ಖರ್ಚನ್ನು ಮುಂದಿಟ್ಟೆವು. ಅವರು ಸಾವಕಾಶವಾಗಿ ಎಣಿಸಿ ಅರ್ಧವನ್ನು ಹಿಂದಕ್ಕೆ ಸರಿಸಿದರು.

“ನೆಲಾ ಹ್ಯಾಂಗೂ ಹಳೇದಾಗಿತ್ತು, ಇಷ್ಟು ಸಾಕು. ಆದರ ಇನ್ನೊಮ್ಮೆ ಬರೂ ಮುಂದ ಪೆನ್ಸಿಲ್ ತೊಗೊಂಡು ಬರ್ರಿ!”