ನಡತೆಗೂ ಒಂದು ಬಹುಮಾನ

ಬೇಲೂರಿನ ಚೆನ್ನಕೇಶವ ಗುಡಿಯ ಅಂಗಳದಲ್ಲಿ ಇವತ್ತು ಶಾಲಾ ಪ್ರವಾಸದ ಮಕ್ಕಳ ಸಾಲು. ಅವರು ಕತ್ತೆತ್ತಿ ನೋಡುವ ಶಿಲ್ಪಗಳ ಕೆಳಗೆ ಕೆತ್ತಿದವರ ಹೆಸರೂ ಇದೆ: ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಒಳ್ಳೆಯ ಕೆಲಸ ಮಾಡಿದವರ ಹೆಸರು ಹೇಳುವುದು ಈ ಸೀಮೆಗೆ 900 ವರ್ಷಗಳ ರೂಢಿ.

ಈ ಗುಡಿ ಕಟ್ಟಿಸಿದ ಹೊಯ್ಸಳರ ಹೆಸರಲ್ಲೇ ರಾಜ್ಯ ಸರ್ಕಾರ ಬಾಲಕರಿಗೆ ಶೌರ್ಯ ಪ್ರಶಸ್ತಿ ಕೊಡುತ್ತದೆ. ಬಾಲಕಿಯರದು ಕೆಳದಿ ಚೆನ್ನಮ್ಮನ ಹೆಸರಿನದು.

ಅರಸೀಕೆರೆ, ಬೇಲೂರು, ಹಳೇಬೀಡಿನ ಹಿರಿಯ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಗೆಲ್ಲುವ ದಾರಿಗಳು ಬೇರೆಯೂ ಇವೆ. ಹಾಡು, ಭಾಷಣಕ್ಕೆ ಪ್ರತಿಭಾ ಕಾರಂಜಿ ಇದೆ. ಅದು ಕ್ಲಸ್ಟರ್‌ನಿಂದ ಶುರುವಾಗಿ ಮೇಲಿನ ಹಂತಗಳಿಗೆ ಏರುತ್ತದೆ. ಕಬಡ್ಡಿ, ಖೋಖೋಗೆ ಕ್ರೀಡಾಕೂಟಗಳಿವೆ. ಓದಿನಲ್ಲಿ ಮುಂದಿರುವ ಬಡ ಮಕ್ಕಳಿಗೆ 8ನೇ ತರಗತಿಯಲ್ಲಿ ಎನ್‌ಎಂಎಂಎಸ್ ವಿದ್ಯಾರ್ಥಿವೇತನ ಪರೀಕ್ಷೆ ಇದೆ. ಆಯ್ಕೆಯಾದರೆ 9ರಿಂದ 12ನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ.

ನಡತೆಗೆ? ಮುಂದಾಳತ್ವಕ್ಕೆ?

ಶಾಲಾ ಸಂಸತ್ತಿಗೆ ಗೆದ್ದು ಬಂದ ಹುಡುಗಿ ವರ್ಷವಿಡೀ ಬಿಸಿಯೂಟದ ಸಾಲನ್ನು ಜಗಳವಿಲ್ಲದಂತೆ ನೋಡಿಕೊಂಡರೆ, ಲೆಕ್ಕ ಬಾರದ ಗೆಳೆಯನಿಗೆ ಒಬ್ಬ ಹುಡುಗ ದಿನವೂ ಹೇಳಿಕೊಟ್ಟರೆ, ಅದನ್ನು ಅಳೆಯಲು ತಾಲ್ಲೂಕು ಮಟ್ಟದ ಸ್ಪರ್ಧೆ ಬೇಕಿಲ್ಲ. ಅದು ಕಾಣುವುದು ಅದೇ ಶಾಲೆಯ ಮೇಷ್ಟ್ರು, ಟೀಚರ್‌ಗಳ ಕಣ್ಣಿಗೆ.

ಎಸ್‌ಡಿಎಂಸಿ ಸದಸ್ಯರೇ, ಹಳೆಯ ವಿದ್ಯಾರ್ಥಿಗಳೇ, ಈ ಸಲದ ವಾರ್ಷಿಕೋತ್ಸವದಲ್ಲಿ ಇಂಥ ಮಕ್ಕಳನ್ನೂ ವೇದಿಕೆಗೆ ಕರೆಯಿರಿ. ಒಂದು ಪುಸ್ತಕ ಕೊಟ್ಟರೂ ಸಾಕು. ಅವರು ಮಾಡಿದ್ದೇನು ಎಂಬುದನ್ನು ಮಾತ್ರ ಮೈಕಿನಲ್ಲಿ ಬಿಡಿಸಿ ಹೇಳಿ. ನಿಮ್ಮೂರ ಶಾಲೆಯಲ್ಲಿ ಈಗಾಗಲೇ ಹೀಗೆ ನಡೆಯುತ್ತಿದ್ದರೆ ಇಲ್ಲಿ ಬರೆಯಿರಿ, ಉಳಿದವರಿಗೂ ತಿಳಿಯಲಿ.